ಗುರುವಾರದ ತರಗತಿ

“ಗುರುವಾರವೇ ಯಾಕ್ರೀ? ವಾರದಲ್ಲಿ ಬೇರೆ ದಿನವೇ ಇಲ್ವಾ ಅವರಿಗೆ?” ವಿಜಯಾ ಅರ್ಜಿಯನ್ನು ಮತ್ತೆ ಮೊದಲಿನಿಂದ ಓದಿದಳು.

“ಆ ಬ್ಯಾಚಲ್ಲಿ ಮಾತ್ರ ಸೀಟಿದೆಯಂತೆ. ನಮ್ಮಾಸ್ಪತ್ರೆ ಗಿಲಿಯನ್ ಹೇಳಿದ್ಲು,” ಎಂದ ಗಂಡ ಚಿದಾನಂದ.

ಇಂಗ್ಲೆಂಡಿನ ಶೆಫೀಲ್ಡ್ ನಗರದ ಆಸ್ಪತ್ರೆಯೊಂದರಲ್ಲಿ ಅವನು ವೃದ್ಧರ ವಾರ್ಡಿನ ಹಿರಿಯ ವೈದ್ಯ. ಎರಡು ವರ್ಷದ ಎಂಬಿಎ, ಶುಲ್ಕವೆಲ್ಲ ಆಸ್ಪತ್ರೆಯದು, ಗುರುವಾರ ಇಡೀ ದಿನ ತರಗತಿ. ಸಹಿಗೆ ನಾಳೆಯೇ ಗಡುವು. ತೊಡಕು ಒಂದೇ: ಸುರಕ್ಷತಾ ಸಮಿತಿ ಸೇರುವುದೂ ಗುರುವಾರ. ಹನ್ನೆರಡು ರೋಗಿಗಳಿಗೆ ಒಬ್ಬ ನರ್ಸ್ ಸಾಲದೆಂದು ಅಲ್ಲಿ ಮೂರು ವರ್ಷದಿಂದ ಗಂಟಲು ಹರಿದುಕೊಳ್ಳುತ್ತಿದ್ದವನು ಅವನೊಬ್ಬನೇ. ಇರುವ ನರ್ಸುಗಳನ್ನೂ ಕಡಿತ ಮಾಡುವ ಪ್ರಸ್ತಾಪ ಅವನ ಹಟಕ್ಕೇ ನಾಲ್ಕು ಸಲ ಬಿದ್ದುಹೋಗಿತ್ತು.

“ನೀವಿಲ್ದೇ ಇದ್ರೆ ಅಲ್ಲಿ ಬಾಯಿ ಬಿಡೋರು ಯಾರು?”

“ಎರಡೇ ವರ್ಷ ಕಣೇ. ಡಾಕ್ಟರ್ ಹೇಳಿದ್ರೆ ಗೊಣಗಾಟ ಅಂತಾರೆ. ಆಡಳಿತದೋರ ಭಾಷೇಲೇ ಹೇಳಿದ್ರೆ ಕೇಳಲೇಬೇಕು.”

“ನಿಜ ಹೇಳಿ. ಹೆಸರಿನ ಮುಂದೆ ಇನ್ನೊಂದು ಪದವಿ ಅಂಟಿಸೋ ಆಸೆ ತಾನೇ?”

ಚಿದಾನಂದ ಅವಳ ಕೈಯಿಂದ ಅರ್ಜಿಯನ್ನು ತೆಗೆದುಕೊಂಡ. ಆಡಳಿತದ ಮುಖ್ಯಸ್ಥೆ ಗಿಲಿಯನ್ ಈ ಮಾತೆತ್ತಿದ ದಿನ ಟೀ ಕೊಡಿಸಿದ್ದಳು. ಮನೆಯವರೆಲ್ಲ ಏನೇನು ಓದಿದ್ದಾರೆಂದು ಆಸ್ಥೆಯಿಂದ ವಿಚಾರಿಸಿದ್ದಳು. ಅಪ್ಪ ಡಬಲ್ ಎಂಎ, ಅಣ್ಣ ಪಿಎಚ್‌ಡಿ, ತಂಗಿ ಎಂಡಿ ಎಂದು ಅವನೂ ಉಬ್ಬಿ ಹೇಳಿದ್ದ. “ನಾನೂ ಇದೇ ಕೋರ್ಸ್ ಮಾಡಿದವಳು. ನನ್ನ ಪ್ರಬಂಧದಿಂದ ಆಸ್ಪತ್ರೆಗೆ ಎಷ್ಟು ಅನುಕೂಲವಾಗಿದೆ ಗೊತ್ತೇ?” ಎಂದಿದ್ದಳು. ಮೂರು ವರ್ಷದಲ್ಲಿ ಅವಳು ಅವನ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡದ್ದು ಅದೇ ಮೊದಲು.

ಮರುದಿನ ವಾರ್ಡಿನಲ್ಲಿ ಪ್ರಭಾವತಿ ಒಬ್ಬ ಮುದುಕನಿಗೆ ಗಂಜಿ ಉಣಿಸುತ್ತಿದ್ದಳು. ಉಡುಪಿ ಕಡೆಯ ನರ್ಸ್. ಬೇರೆ ಎರಡು ಹಾಸಿಗೆಗಳ ಕರೆಗಂಟೆ ಬಡಿದುಕೊಳ್ಳುತ್ತಲೇ ಇತ್ತು.

“ಕೋರ್ಸ್ ಮಾಡಿ ಡಾಕ್ಟ್ರೇ, ಮಾಡಿ. ನಮಗೆ ಇನ್ನೊಬ್ಬ ಮ್ಯಾನೇಜರ್ ಸಿಕ್ಕಿದ ಹಾಗಾಯ್ತು,” ಎಂದಳು ತಲೆಯೆತ್ತದೆ. “ನರ್ಸ್ ಅಂತೂ ಸಿಕ್ಕುವುದಿಲ್ಲ ಮಾರಾಯ್ರೇ.”

ಮಾತು ಚುಚ್ಚಿತು. ಇವರಿಗಾಗಿಯೇ ಅಲ್ಲವೇ ತಾನು ಓದಹೊರಟದ್ದು? ಸಂಜೆ ಐದಕ್ಕೆ ಮುಂಚೆ ಸಹಿ ಹಾಕಿದ.

ಮೊದಲ ಗುರುವಾರ. ಟ್ರ್ಯಾಮ್ ಇಳಿದು, ಹೊಸ ನೋಟ್‌ಬುಕ್ ಹಿಡಿದು, ಇಪ್ಪತ್ತು ವರ್ಷಗಳ ಬಳಿಕ ಬೆಂಚಿನ ಮೇಲೆ ಕುಳಿತ. ಹನ್ನೊಂದು ಗಂಟೆಗೆ ಪ್ರಭಾವತಿಯ ಸಂದೇಶ ಬಂತು: “ಸಮಿತಿಯ ಸಭೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಯಾರೂ ಎದುರು ಮಾತಾಡಲಿಲ್ಲ. ಸೋಮವಾರದಿಂದ ಹದಿನಾರು ಜನಕ್ಕೆ ಒಬ್ಬಳು.”

ಅವನು ನೋಟ್‌ಬುಕ್ ಮುಚ್ಚಿದ. ಎದ್ದು ಹೋಗಲೇ? ಹೋಗಿ ಮಾಡುವುದೇನು? ಇಲ್ಲಿ ಕಲಿತೇ ಇದಕ್ಕೆ ಉತ್ತರ ಕೊಡಬೇಕು ಎಂದು ಹಲ್ಲು ಕಚ್ಚಿ ಕುಳಿತ.

ಅಷ್ಟರಲ್ಲಿ ಅಧ್ಯಾಪಕರು, ನೀವೂ ಹೀಗೆ ಬರೆಯಬೇಕು ಎನ್ನುತ್ತ, ಅತಿ ಹೆಚ್ಚು ಅಂಕ ಪಡೆದ ಹಳೆಯ ಪ್ರಬಂಧವೊಂದರ ಪ್ರತಿಗಳನ್ನು ಹಂಚಿದರು. ಬರೆದವಳು ಗಿಲಿಯನ್. ಅವನು ನೇರವಾಗಿ ಶಿಫಾರಸುಗಳ ಪುಟಕ್ಕೆ ಹೋದ.

“ಒಂದು: ಪದೇ ಪದೇ ಆಕ್ಷೇಪಿಸುವ ಭಾರತೀಯ ವೈದ್ಯರಿಗೆ ಎಚ್ಚರಿಕೆ ಪತ್ರ ಬೇಡ, ಸಭೆಯ ದಿನವೇ ತರಗತಿ ಬೀಳುವಂಥ ಪದವಿಯೊಂದನ್ನು ಕೊಡಿ, ಬೇಡವೆನ್ನಲು ಅವರಿಗೆ ಬಾಯಿ ಬರುವುದಿಲ್ಲ.”