ಪಿಂಡರ್ ವಂಶದ ನಿಜವಾದ ವಾರಸುದಾರ

ದಫ್ತರ ಕದ್ದವನು ವಿಲ್ಫ್ ಪಿಂಡರನೇ ಎಂಬುದರಲ್ಲಿ ಲಯನೆಲ್ ಪಿಂಡರನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಿನ್ನೆ ಸಂಜೆ ಚರ್ಚಿನ ಕಪಾಟಿನಲ್ಲಿದ್ದ ಪುಸ್ತಕ ಬೆಳಗಾಗುವಷ್ಟರಲ್ಲಿ ಮಾಯ. ಮುನ್ನೂರು ವರ್ಷಗಳ ಹುಟ್ಟು, ಮದುವೆ, ಸಾವು ಎಲ್ಲ ಅದರಲ್ಲೇ ಇತ್ತು. ಮಧ್ಯಾಹ್ನ ಎರಡಕ್ಕೆ ಪಂಚರ ಸಭೆ. ಅಷ್ಟರೊಳಗೆ ಪುಸ್ತಕ ಸಿಗದಿದ್ದರೆ ಅವನ ನಾಲ್ಕು ವರ್ಷದ ಓಡಾಟವೆಲ್ಲ ಮಣ್ಣುಪಾಲು.

ಅವನು ನೇರ ವಿಲ್ಫನ ಮನೆಗೆ ನಡೆದ. ಬಾಗಿಲು ಹಾರುಹೊಡೆದಿತ್ತು. ಒಳಗೆ ಯಾರೂ ಇರಲಿಲ್ಲ. ಪುಸ್ತಕ ಕಿಟಕಿಯ ಕಟ್ಟೆಯ ಮೇಲೆ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಕೂತಿತ್ತು. ಕದಿಯುವುದಕ್ಕೂ ಬುದ್ಧಿ ಬೇಕು, ಮುದುಕನಿಗೆ ಅದೂ ಇಲ್ಲ ಎಂದುಕೊಂಡು ಲಯನೆಲ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬಿದ್ದ.

ಲಯನೆಲ್ ಕ್ರಾಯ್ಡನ್ನಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡಕ ಮಾರಿದವನು. ಯಾರ ತಂಟೆಗೂ ಹೋದವನಲ್ಲ. ಆದರೆ ಅವನಿಗೊಬ್ಬ ಭಾವಮೈದುನನಿದ್ದ, ರಾಡ್ನಿ ಅಂತ. ಭಾನುವಾರದ ಊಟಕ್ಕೆ ಎಲ್ಲರೂ ಕೂತಾಗ, ಸುಟ್ಟ ಮಾಂಸ ಕೊಯ್ಯುತ್ತಾ ಅವನದು ಒಂದೇ ರಾಗ: “ನಮ್ಮ ಹಿರೀಕರು ರಾಜನ ಜೊತೆ ಕುದುರೆ ಮೇಲೆ ಬಂದೋರು. ನಿಮ್ಮೋರು ಯಾವುದರ ಮೇಲೆ ಬಂದ್ರು ಭಾವ?” ಮೇಜಿನ ಸುತ್ತ ಎಲ್ಲರೂ ನಗುತ್ತಿದ್ದರು. ಹೆಂಡತಿಯೂ ನಗುತ್ತಿದ್ದಳು. ಆ ಒಂದು ನಗು ಲಯನೆಲ್‌ನ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು.

ಹಾಗಾಗಿ ಅವನು ಬೇರು ಹುಡುಕಲು ಹೊರಟ. ಬೇರು ಸಿಕ್ಕಿದ್ದು ನಾಟಿಂಗ್‌ಹ್ಯಾಮ್ ಕಡೆಯ ಈ ಆಕ್ಸ್‌ಲೆಬಿ ಎಂಬ ಹಳ್ಳಿಯಲ್ಲಿ. ಹಿಂದಿನ ಕಾಲದಲ್ಲಿ ಪರರ ಹೊಲಕ್ಕೆ ನುಗ್ಗಿದ ದನ, ಕುರಿ, ಹಂದಿಗಳನ್ನು ಹಿಡಿದು ದೊಡ್ಡಿಯಲ್ಲಿ ಕೂಡಿಹಾಕುವವನೇ ಪಿಂಡರ್. ಕಸುಬೇ ಮನೆತನದ ಹೆಸರಾಗಿ ನಿಂತಿತ್ತು. ಬೇರೆ ಕಡೆ ಹೆಸರು ಮಾತ್ರ ಉಳಿಯಿತು. ಇಲ್ಲಿ ಪದವಿಯೂ ಉಳಿದಿತ್ತು. ವರ್ಷಕ್ಕೊಮ್ಮೆ ಹನ್ನೆರಡು ಪಂಚರು ಸೇರಿ, ಆ ಮನೆತನದವನಿಗೆ ಅರಗಿನ ಮುದ್ರೆಯೊತ್ತಿದ ಪತ್ರ ಕೊಡುತ್ತಿದ್ದರು. ನಲವತ್ತೊಂದು ವರ್ಷದಿಂದ ಅದು ವಿಲ್ಫನ ಪಾಲಾಗಿತ್ತು. ಈ ಸಲ ಆ ಪತ್ರ ತಂದು ಭಾನುವಾರದ ಮೇಜಿನ ಮೇಲೆ ಬಡಿಯಬೇಕು. ಲಯನೆಲ್‌ಗೆ ಬೇಕಾಗಿದ್ದದ್ದು ಅಷ್ಟೇ. ಐದೂ ಹತ್ತರ ರೈಲಿಗೆ ಟಿಕೆಟ್ ಕೂಡ ಮಾಡಿಸಿದ್ದ.

ಪಂಚರ ಮುಖ್ಯಸ್ಥೆ ಆಡ್ರಿ ಶೆಲ್‌ಡ್ರೇಕ್. ಊರಿನ ಪಬ್ ಅವಳದೇ. ಪಾಪ, ಎಂಥ ಹೆಂಗಸು! ಬಂದ ದಿನದಿಂದ ಲಯನೆಲ್‌ಗೆ ಬಿಯರೂ ಬಿಟ್ಟಿ, ಮಾಂಸದ ಕಡುಬೂ ಬಿಟ್ಟಿ. ದಫ್ತರದ ಯಾವ ಪುಟ ನೋಡಬೇಕೆಂದು ಹೇಳಿಕೊಟ್ಟವಳೂ ಅವಳೇ, ರಾಡ್ನಿಯ ಕತೆಯನ್ನೆಲ್ಲ ಕೂತು ಕೇಳಿಸಿಕೊಂಡವಳೂ ಅವಳೇ.

“ಹುಷಾರು ಸ್ವಾಮಿ, ವಿಲ್ಫ್ ಸುಲಭಕ್ಕೆ ಬಿಟ್ಟುಕೊಡೋನಲ್ಲ,” ಎಂದಿದ್ದಳು. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮೊಣಕಾಲು ಗಟ್ಟಿಯಾಗಿದ್ಯಾ?” ಅಂತ ಕೇಳಿದ್ದಳು.

“ಗುಂಡುಕಲ್ಲು ಇದ್ದ ಹಾಗಿದೆ,” ಎಂದಿದ್ದ ಲಯನೆಲ್. ಎಷ್ಟು ಕಾಳಜಿ ಎಂದು ಅವನ ಮನಸ್ಸು ತುಂಬಿಬಂದಿತ್ತು.

ಎರಡು ಗಂಟೆಗೆ ಪಬ್ಬಿನಲ್ಲೇ ಸಭೆ ಕೂತಿತು. ವಿಲ್ಫ್ ಕೋಲೂರಿಕೊಂಡು ಎದ್ದು ನಿಂತ. ವಯಸ್ಸು ಎಪ್ಪತ್ತೆಂಟು.

“ಎಲ್ಲಿಂದಲೋ ಬಂದ ಕನ್ನಡಕದವನಿಗೆ ನನ್ನ ಪದವಿಯೇ? ನನ್ನ ಹೆಣದ ಮೇಲೆ ತಗೊಂಡು ಹೋಗ್ಲಿ!”

ಲಯನೆಲ್ ಪುಸ್ತಕ ಬಿಚ್ಚಿದ. “ಸಾವಿರದ ಆರುನೂರ ಎಂಬತ್ತೇಳು. ಇಬ್ಬರು ಅಣ್ಣತಮ್ಮಂದಿರು. ನಾನು ಅಣ್ಣನ ಕಡೆಯೋನು, ಇವರು ತಮ್ಮನ ಕಡೆಯೋರು. ಇನ್ನೊಂದು ಮಾತು. ನಮ್ಮ ಮುತ್ತಜ್ಜನ ಮುತ್ತಜ್ಜ ಇಲ್ಲೇ ಚರ್ಚಿನ ಪಕ್ಕ ಮಲಗಿದಾನೆ. ನಿಮ್ಮಪ್ಪನ ಗೋರಿ ಎಲ್ಲಿದೆ, ತೋರಿಸಿ ನೋಡೋಣ!”

“ನಮ್ಮಪ್ಪ ಬೇರೆ ಕಡೆ ಮಲಗಿದಾನೆ,” ಎಂದ ವಿಲ್ಫ್. ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡ. ಅವನ ಭುಜಗಳು ಗಡಗಡ ಅಲುಗುತ್ತಿದ್ದವು. ಛೆ, ಅತಿಯಾಯಿತೇನೋ ಎಂದು ಲಯನೆಲ್‌ಗೆ ಕರುಳು ಚುರುಕ್ ಅಂದಿತು.

ಹೊರಗೆ ಎಲ್ಲೋ ಹಂದಿಯೊಂದು ಕಿರುಚಿತು. ಪಂಚರು ಗಡಿಯಾರ ನೋಡಿಕೊಂಡರು.

“ಯಾರ ಬಲವಂತವೂ ಇಲ್ಲದೆ, ನೀವಾಗಿ ನೀವೇ ಬಂದು ಕೇಳ್ತಿದೀರಾ?” ಎಂದಳು ಆಡ್ರಿ. ಪದ್ಧತಿಯಂತೆ ಮೂರು ಸಲ ಕೇಳಿದಳು. ಮೂರು ಸಲವೂ ಲಯನೆಲ್ ಎದೆಯುಬ್ಬಿಸಿ ಹೌದೆಂದ.

ಮುದ್ರೆ ಬಿತ್ತು. ಹನ್ನೆರಡೂ ಜನ ಎದ್ದು ಚಪ್ಪಾಳೆ ತಟ್ಟಿದರು. ಒಬ್ಬನಂತೂ ಕಣ್ಣೊರೆಸಿಕೊಂಡ. ಆಡ್ರಿ ಲಯನೆಲ್‌ನ ಬಲಗೈಗೆ ಪತ್ರ ಕೊಟ್ಟಳು. ಎಡಗೈಗೆ ಒಂದು ಹಗ್ಗ ಕೊಟ್ಟಳು.

“ಇದೇನು?”

“ಮಿಲ್ಡ್ರೆಡ್ ಅಂತ ಹಂದಿ. ಮೂರು ಆಳಿನ ತೂಕ. ಬೆಳಗ್ಗಿಂದ ಗೋರಿಗಳ ಮೇಲಿನ ಹೂವೆಲ್ಲ ತಿಂತಾ ಇದೆ. ದೊಡ್ಡಿ ಚರ್ಚಿನ ಹಿಂದೆ.”

“ಇದು ಬರೀ ಗೌರವದ ಪದವಿ ಅಲ್ವೇನಮ್ಮ?”

“ಗೌರವವೇ. ಕೊನೇ ಸಾಲು ಓದಿ.”

ಲಯನೆಲ್ ಓದಿದ. ಪಿಂಡರ್ ಆದವನು ಒಂದು ರಾತ್ರಿಯೂ ಊರ ಎಲ್ಲೆ ದಾಟಿ ಮಲಗುವಂತಿಲ್ಲ. ಅದೇ ಮನೆತನದ ಇನ್ನೊಬ್ಬ ತಾನಾಗಿ ಬಂದು, ವಾದಿಸಿ ಗೆದ್ದು, ಪದವಿಯನ್ನು ಅವನಿಂದ ಕಿತ್ತುಕೊಳ್ಳುವವರೆಗೆ. ತಪ್ಪಿ ನಡೆದರೆ ಅವನ ವಂಶದ ಹೆಸರು ದಫ್ತರದಿಂದ ಹೊಡೆದುಹಾಕತಕ್ಕದ್ದು.

“ಹೊಡೆದುಹಾಕಿದ ಸುದ್ದೀನ ಪೇಪರ್‌ನಲ್ಲೂ ಹಾಕಿಸ್ತೀವಿ,” ಎಂದಳು ಆಡ್ರಿ ಮೆಲ್ಲಗೆ. “ನಿಮ್ಮ ರಾಡ್ನಿ ಪೇಪರ್ ಓದ್ತಾರಲ್ವಾ?”

ವಿಲ್ಫ್ ಕರವಸ್ತ್ರ ತೆಗೆದ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ನಕ್ಕು ನಕ್ಕು ಮುಖ ಕೆಂಪಾಗಿತ್ತು. ಕೋಲನ್ನು ಮೂಲೆಗೆಸೆದು, ಬೆಂಚಿನ ಕೆಳಗಿಂದ ಸೂಟ್‌ಕೇಸ್ ಎಳೆದುಕೊಂಡು, ಚಿಗರೆಯಂತೆ ಬಾಗಿಲತ್ತ ನಡೆದ.

“ರೀ, ನಿಲ್ರೀ!” ಲಯನೆಲ್ ಹಗ್ಗ ಹಿಡಿದುಕೊಂಡೇ ಕೂಗಿದ. “ಎಲ್ಲಿಗೆ ಹೊರಟ್ರಿ? ನಿಮ್ಮೂರು ಇದೇ ಅಲ್ವೇ?”

“ನಮ್ಮೂರು ಬ್ರಿಸ್ಟಲ್ ಕಣಪ್ಪ,” ಎಂದ ವಿಲ್ಫ್, “ನಲವತ್ತೊಂದು ವರ್ಷದ ಹಿಂದೆ, ನನ್ನ ಭಾವಮೈದುನನ ಬಾಯಿ ಮುಚ್ಚಿಸೋಣ ಅಂತ ಒಂದು ದಿನದ ಮಟ್ಟಿಗೆ ಬಂದಿದ್ದೆ.”