ಮುಂದಿನ ಎರಡು ಟೈರು

ಟೈರ್ ಅಂಗಡಿಯ ಮುಂದೆ ಹಾಯುವಾಗ ಹೊಸ ರಬ್ಬರಿನ ವಾಸನೆ ಬಂದರೆ ಈಗಲೂ ನನ್ನ ಹೆಜ್ಜೆ ತಡವರಿಸುತ್ತದೆ.

ನಾನಾಗ ನಾಲ್ಕನೆಯ ಇಯತ್ತೆ. ಕಬ್ಬು ಸಾಗಿಸಲೆಂದು ಅಪ್ಪ ಅಂಕಲಗಿಯಲ್ಲಿ ಹಳೆಯ ಲಾರಿಯೊಂದನ್ನು ಕೊಂಡಿದ್ದ; ಮಾರಿದವರು ಅದಕ್ಕೆ ಹೊಸ ಟೈರು ಹಾಕಿಸಿದ್ದರು. ಅದನ್ನು ಓಡಿಸುವವನು ಅಪ್ಪನ ತಮ್ಮ, ನನ್ನ ಕಾಕಾ. ಕೊಂಡ ದಿನವೇ ಮಧ್ಯಾಹ್ನ ಗೋಕಾಕದ ಟೈರ್ ಅಂಗಡಿಯವರು ಗಾಲಿಗಳನ್ನು ಬಡಿದು ನೋಡಿ, "ಹೊಸಾವ ಖರೆ, ಆದ್ರ ಹಗೂರ ಮಾಲು ಅದಾವ್ರಿ. ಕಬ್ಬಿನ ಲೋಡು ತಡಿಯಂಗಿಲ್ಲ" ಎಂದರು.

"ಅಣ್ಣಾ, ಮುಂದಿನ ಎರಡಾದ್ರೂ ಬದಲಿ ಮಾಡೂಣು" ಎಂದ ಕಾಕಾ.

ಅಪ್ಪ ಬಗ್ಗಿ ಟೈರು ಸವರಿದ. ಕೂದಲಿನಂಥ ರಬ್ಬರ್ ಎಳೆಗಳು ಇನ್ನೂ ಉದುರಿರಲಿಲ್ಲ. ನನ್ನ ಬೆರಳನ್ನೂ ಅವುಗಳ ಮೇಲೆ ಆಡಿಸಿ, "ನೋಡವ್ವಾ, ಎಷ್ಟು ಹೊಸಾವ ಅದಾವ! ಇದೊಂದು ಹಂಗಾಮ ದಾಟ್ಲಿ ತಮ್ಮಾ" ಎಂದ. ಕಚಗುಳಿಯಾಗಿ ನಾನು ನಕ್ಕೆ. ಕಾಕಾನೂ ನಕ್ಕು ಲಾರಿ ಹತ್ತಿದ; ಅಣ್ಣನಿಗೆ ಎಂದೂ ಎದುರಾಡಿದವನಲ್ಲ.

ಹದಿನೈದು ದಿನಕ್ಕೆ ಘೋಡಗೇರಿಯ ಹತ್ತಿರ ಮುಂದಿನ ಟೈರು ಒಡೆದು ಲಾರಿ ಉರುಳಿತು. ಕಾಕಾ ಉಳಿಯಲಿಲ್ಲ.

ಅವನ ಹೆಂಡತಿ, ನಮ್ಮ ಕಾಕು, ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಎಂದಿನಂತೆ ರೊಟ್ಟಿ ಬಡಿದು, "ಉಣ್ಣಾಕ ಬರ್ರಿ ಅನ್ನು, ನಿಮ್ಮಪ್ಪಗ" ಎಂದು ನನ್ನನ್ನು ಕಳಿಸುತ್ತಿದ್ದಳು. ಅಪ್ಪ ಹಸಿವಿಲ್ಲ ಅನ್ನುತ್ತಿದ್ದ. ಅವಳು ಅಡುಗೆಮನೆಯಿಂದ ಹೋದ ಮೇಲೆ ಬಂದು, ತಣ್ಣಗಾದ ರೊಟ್ಟಿಯನ್ನು ಸದ್ದಾಗದಂತೆ ಮುರಿದು ತಿನ್ನುತ್ತಿದ್ದ.