ಬೈಯುವ ಕಂಪ್ಯೂಟರು

"ಏ ಖೋಡಿ! ಕಣ್ಣ ಹೊಲದಾಗ ಬಿಟ್ಟು ಬಂದೀಯೇನು? ಸಸಿಕಟ್ಟು ಎಣಿಸಿದಂಗ ಒಂದೊಂದ ಮುಟ್ಟಿ ಎಣಿಸು. ಹೊತ್ತು ಇನ್ನಾ ನೆತ್ತಿ ಮ್ಯಾಲ ಅದ, ಗಡಿಬಿಡಿ ಯಾಕ?"

ಕಂಪ್ಯೂಟರು ಬೈದು ಸುಮ್ಮನಾಯಿತು. ಎರಡನೇ ತರಗತಿಯ ಹನುಮಮ್ಮ ಐದಕ್ಕೆ ಮೂರು ಕೂಡಿಸಿ ಏಳು ಒತ್ತಿದ್ದಳು. ಅಂದು ಅದು ಆರನೆಯ ತಪ್ಪು. ಬಾಗಿಲಲ್ಲಿ ನಿಂತಿದ್ದ ಅವಳಪ್ಪ ಅಯ್ಯಣ್ಣ ಮಗಳನ್ನಲ್ಲ, ಕಿಟಕಿಯ ಬಳಿ ಹೊರಸಿನಲ್ಲಿ ಒರಗಿದ್ದ ತನ್ನ ತಾಯಿ ಯಂಕಮ್ಮನನ್ನು ನೋಡುತ್ತಿದ್ದ. ಬೈದ ದನಿ ಅವಳದೇ. ಮೂರು ತಿಂಗಳ ಹಿಂದೆ ಲಕ್ವಾ ಹೊಡೆದು ಬಲಗೈಯೂ ಮಾತೂ ಹೋಗಿದ್ದವು. ಈಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅಯ್ಯಣ್ಣ, ಶಹಾಪುರದಲ್ಲಿ ಮುಚ್ಚಿಹೋದ ಟೈಪಿಂಗ್ ಶಾಲೆಯಿಂದ ಆ ಹಳೆಯ ಯಂತ್ರ ತಂದು, ಸಿಡಿಯಿಂದ ಮಕ್ಕಳ ಆಟದ ತಂತ್ರಾಂಶ ಹಾಕಿದ್ದ. ಅದು ಪುಕ್ಕಟೆ, ಅಷ್ಟೇ ಅಲ್ಲ, ಯಾರು ಬೇಕಾದರೂ ಒಳಗೆ ಬಿಚ್ಚಿ ತಿದ್ದಬಹುದಾಗಿತ್ತು. ಅದರ ಇಂಗ್ಲಿಷ್ ದನಿಗೆ ಮಗಳು ಪಿಳಿಪಿಳಿ ಕಣ್ಣು ಬಿಟ್ಟಾಗ, ಅವನು ಅದರ ಜಾಗಕ್ಕೆ ಹಾಕಲೆಂದು, ಆಗಿನ್ನೂ ಗಟ್ಟಿಮುಟ್ಟಾಗಿದ್ದ ತಾಯಿಯ ಮುಂದೆ ಮೈಕು ಹಿಡಿದಿದ್ದ.

"ಈ ಬದನಿಕಾಯಿ ಕೂಡ ಏನ ಮಾತಾಡ್ಲೋ?"

"ತಪ್ಪ ಮಾಡಿದ್ರ ತಿಳಿಸಿ ಹೇಳು, ಸರಿ ಮಾಡಿದ್ರ ಹೊಗಳು."

"ಸರಿ ಮಾಡಿದ್ರ ಹೊಗಳೂದ್ಯಾಕ? ಮಾಡಾದ ಮಾಡ್ಯಾಳ."

ಕಡೆಗೂ ಹೊಗಳಿಕೆಗೆಂದು ಸಿಕ್ಕಿದ್ದು "ಹ್ಞೂಂ, ಇರಲಿ" ಅಷ್ಟೇ. ಬೈಗಳಕ್ಕೆ ಮಾತ್ರ ಬರವಿರಲಿಲ್ಲ. ಕಾಲುವೆಗೆ ನೀರು ಬಂದಾಗಿನಿಂದ ನಾಟಿಯ ಹೆಂಗಸರ ತಂಡ ಕಟ್ಟಿ ನಡೆಸಿದವಳು. ಈ ದಂಡೆಯಲ್ಲಿ ಕೂಗಿದರೆ ಆ ದಂಡೆಯ ಗದ್ದೆಯಲ್ಲಿ ಬಗ್ಗಿದ ಬೆನ್ನುಗಳು ನೆಟ್ಟಗಾಗುತ್ತಿದ್ದವು. ಮೈಕಿಗೂ ಹಾಗೇ ಕೂಗಿದಳು. ಅದನ್ನು ಹೊಸ್ತಿಲಾಚೆ ಇಡಬೇಕಾಯಿತು. ಮನೆಯೆಲ್ಲ ನಕ್ಕಿತ್ತು. ಕಿವಿಗೊಟ್ಟರೆ ಬೈಗಳದ ಹಿಂದೆ ಆ ದಿನದ ಹುಂಜವೂ ಕೂಗುತ್ತದೆ.

ಅಯ್ಯಣ್ಣ ಮಗಳ ಪಕ್ಕ ಕೂತು ಮೌಸು ಹಿಡಿದ. "ಈ ದನಿ ತಗದು ಬಿಡ್ತೀನಿ. ಆಯಿ ಅಳಾಕತ್ತಾಳ, ಕಾಣವಲ್ದೇನು? ನಿನ್ನ ಲೆಕ್ಕನೂ ಕೆಟ್ಟು ಕೆರಾ ಹಿಡದಾವ."

"ಕೆಟ್ಟಿಲ್ಲಪ್ಪ. ಐದು ಮೂರು ಎಂಟು."

"ಮತ್ತ ಏಳ್ಯಾಕ ಒತ್ತಿದಿ?"

"ಸರಿ ಒತ್ತಿದ್ರ ಆಯಿ ಎರಡ ಮಾತಾಡ್ತಾಳ," ಎಂದಳು ಹುಡುಗಿ, ಇಷ್ಟೂ ತಿಳಿಯದೇ ಎಂಬಂತೆ. "ತಪ್ಪ ಒತ್ತಿದ್ರ ಬಾಳ ಮಾತಾಡ್ತಾಳ."

ಅಯ್ಯಣ್ಣನ ಕೈ ನಿಂತಿತು. ಹಾಗೆಂದು ತಾಯಿಯ ಕಣ್ಣೀರು ನೋಡುತ್ತ ಕೂರಲಾದೀತೆ? "ಅವ್ವಾ, ನೀನ ಹೇಳು. ತಗೀಲೇನು, ಇರಲೇನು?" ಎಂದುಬಿಟ್ಟ. ಮಾತು ಬಾರದವಳಿಗೆ ಹೇಳು ಎಂದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡ.

ಯಂಕಮ್ಮ ಎಡಗೈ ಎತ್ತಿ ಕರೆದಳು. ಹನುಮಮ್ಮ ವೈರು ಎಳೆದಷ್ಟೂ ಎಳೆದು ಕೀಬೋರ್ಡನ್ನು ಹೊರಸಿನ ಮೇಲಿಟ್ಟಳು. ಪರದೆಯ ಮೇಲೆ ಹೊಸ ಲೆಕ್ಕ ಬಂದಿತ್ತು: ಎರಡು ಮಾವಿನಹಣ್ಣು, ಮತ್ತೆರಡು ಮಾವಿನಹಣ್ಣು.

ಮುದುಕಿ ದಿಟ್ಟಿಸಿ ನೋಡಿದಳು. ಹೆಬ್ಬೆರಳು ಮಡಚಿ, ನಾಲ್ಕು ಬೆರಳು ಎತ್ತಿ ಮಗನಿಗೆ ತೋರಿಸಿದಳು. ಆಮೇಲೆ ಅದೇ ಕೈಯಿಂದ ಒಂಬತ್ತನ್ನು ಒತ್ತಿ, ಸ್ಪೀಕರಿನ ಕಡೆ ಕಿವಿ ವಾಲಿಸಿ, ಬೈಸಿಕೊಳ್ಳಲು ಕಾದಳು.